‘ಥ’ಕಾರದ ಚುಕ್ಕಿ ಮತ್ತು ಒಂದು ಲಿನೋ ಕಿಟ್

ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಗ್ರಾಫಿಕ್ ಡಿಸೈನ್ ಕೆಲಸ ಮಾಡಿಕೊಂಡಿರುವ ನನ್ನ ಮೇಜಿನ ಮೇಲೆ ಕಳೆದ ಡಿಸೆಂಬರಿನವರೆಗೆ ಒಂದು ಕತ್ತರಿ ಕೂಡ ಇರಲಿಲ್ಲ. ಉಪ್ಪಿನಕಾಯಿ ಬಾಟಲಿಯ ಲೇಬಲ್, ಸಾಂಬಾರ್ ಪುಡಿಯ ಪೊಟ್ಟಣ, ಸಹಕಾರ ಸಂಘದ ವಾರ್ಷಿಕ ವರದಿ, ಗೃಹಪ್ರವೇಶದ ಕರೆಯೋಲೆ, ಹೀಗೆ ಕೈಗೆ ಬಂದ ಕೆಲಸವೆಲ್ಲ ಪರದೆಯ ಮೇಲೆ ಹುಟ್ಟಿ, ಪರದೆಯ ಮೇಲೆಯೇ ಹತ್ತಾರು ಸಲ ತಿದ್ದಿಸಿಕೊಂಡು, ಪಿಡಿಎಫ್ ಆಗಿ ಮುದ್ರಣಾಲಯಕ್ಕೆ ಹೋಗುತ್ತದೆ. ಅಲ್ಲಿ ಅದು ಏನಾಯಿತೆಂದು ಹೋಗಿ ನೋಡುವಷ್ಟು ಪುರುಸೊತ್ತು ಸಿಗುವುದು ಅಪರೂಪ. ಕನ್ನಡದ ಕೆಲಸವಾದರೆ ಅರ್ಧ ದಿನ ಅಕ್ಷರಗಳ ರಿಪೇರಿಯಲ್ಲೇ ಕಳೆಯುತ್ತದೆ. ಗಿರಾಕಿಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿ ಕಳಿಸಿದ್ದನ್ನು ಯುನಿಕೋಡಿಗೆ ಬದಲಿಸಬೇಕು, ಬದಲಿಸಿದ ಮೇಲೆ ಅರ್ಕಾವತ್ತು ಜಾಗ ತಪ್ಪಿದೆಯೇ ಎಂದು ಹುಡುಕಬೇಕು, ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಹಾಕಲು ಮರೆತಿದ್ದರೆ ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕದಲ್ಲಿ ಸಾಲಾಗಿ ನಿಂತಿರುವುದನ್ನು ಮತ್ತೆ ಒಳಗೆ ಕಳಿಸಬೇಕು. ಅಕ್ಷರಗಳ ನಡುವೆಯೇ ಬದುಕುತ್ತಿದ್ದರೂ ಒಂದು ಅಕ್ಷರವನ್ನು ಕೈಯಿಂದ ಪೂರ್ತಿಯಾಗಿ ಬರೆದು ಎಷ್ಟು ವರ್ಷವಾಗಿತ್ತೋ.

ಅಕ್ಕನ ಮಗಳು ಗೆಳತಿಯರೊಡನೆ ಸೇರಿ ಶಾಲೆಯಲ್ಲಿ ‘ಕಥೆಪೆಟ್ಟಿಗೆ’ ಎಂಬ ಕೈಬರಹದ ಪತ್ರಿಕೆಯೊಂದನ್ನು ಹೊರಡಿಸುತ್ತಾಳೆ. ಒಳಪುಟಗಳನ್ನು ಮಕ್ಕಳೇ ಬರೆದು ಜೆರಾಕ್ಸ್ ಮಾಡಿಸುತ್ತಾರೆ. ಮುಖಪುಟವನ್ನು ಮಾಡಿಕೊಡುವಂತೆ ನನ್ನನ್ನು ಕೇಳಿದವಳು, “ಕಂಪ್ಯೂಟರಲ್ಲಿ ಮಾಡಿದ್ದು ಬೇಡ ಮಾಮ, ನಮ್ಮ ಹಾಗೆ ಕೈಯಲ್ಲೇ ಮಾಡು” ಎಂದು ಷರತ್ತು ಹಾಕಿದಳು. ಮೂವತ್ತು ಪ್ರತಿ ಬೇಕಿತ್ತು. ಮೂವತ್ತನ್ನೂ ಕೈಯಲ್ಲಿ ಬರೆಯುವ ತಾಳ್ಮೆ ನನಗಿರಲಿಲ್ಲವಾದ್ದರಿಂದ ಲಿನೋ ಕೆತ್ತನೆಯ ಕಿಟ್ ಒಂದನ್ನು ತರಿಸಿಕೊಂಡೆ. ಲಿನೋ ಎಂಬ ಹಾಳೆಯನ್ನು ಉಳಿಯಿಂದ ಕೆತ್ತಿ, ಉಬ್ಬಿ ಉಳಿದ ಭಾಗಕ್ಕೆ ಶಾಯಿ ಹಚ್ಚಿ, ಮೇಲೆ ಕಾಗದವಿಟ್ಟು ಉಜ್ಜಿ ಅಚ್ಚು ತೆಗೆಯುವ ವಿಧಾನ ಇದು. ಸುಮಾರು 1,500 ರೂಪಾಯಿ ಆಯಿತು. ಇದೇ ಅಚ್ಚಿನ ಕಿಟ್ಟುಗಳು ಬೇರೆ ಬೇರೆ ಹೆಸರಿನಲ್ಲಿ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತವೆ. ಆದ್ದರಿಂದ ಇಲ್ಲಿ ಹೆಸರನ್ನು ಬಿಟ್ಟು ಪೆಟ್ಟಿಗೆಯೊಳಗಿನ ಸಾಮಾನುಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಒಂದು ಹಿಡಿ, ಅದಕ್ಕೆ ಸಿಕ್ಕಿಸುವ ಐದು ಉಳಿಮೊನೆಗಳು, 4 ಇಂಚಿನ ರಬ್ಬರ್ ರೋಲರ್, 15 x 10 ಸೆಂಟಿಮೀಟರಿನ ಎರಡು ಲಿನೋ ತುಂಡು, ಕಪ್ಪು ಶಾಯಿಯ ಒಂದು ಟ್ಯೂಬ್, ಕಾಗದವನ್ನು ಉಜ್ಜಲು ಒಂದು ಪ್ಲಾಸ್ಟಿಕ್ ಬಿಲ್ಲೆ. ಇವುಗಳಲ್ಲಿ ಹಿಡಿ, ಎರಡು ಮೊನೆ ಮತ್ತು ರೋಲರ್ ಕೊಟ್ಟ ಹಣಕ್ಕೆ ಮೋಸವಿಲ್ಲ ಎನ್ನುವಂತಿವೆ. ಮಿಕ್ಕವನ್ನು ಬೇರೆಯಾಗಿ ಕೊಳ್ಳುವುದೇ ಲೇಸು.

ಮೊದಲು ಉಳಿಯ ವಿಷಯ. ಹಿಡಿ ಮರದ್ದು, ಬುಡ ಅಣಬೆಯ ತಲೆಯಂತೆ ಗುಂಡಗಿದ್ದು ಅಂಗೈಯಲ್ಲಿ ಸರಿಯಾಗಿ ಕೂರುತ್ತದೆ. ಮೊನೆಗಳಲ್ಲಿ ಎರಡು ವಿ ಆಕಾರದವು, ಎರಡು ಯು ಆಕಾರದವು, ಒಂದು ಚಾಕು. ಸಣ್ಣ ವಿ ಮೊನೆ ಪೆಟ್ಟಿಗೆಯಿಂದ ತೆಗೆದ ಕೂಡಲೇ ಚೂಪಾಗಿತ್ತು, ಸಣ್ಣ ಯು ಮೊನೆಯೂ ಪರವಾಗಿಲ್ಲ. ಖಾಲಿ ಜಾಗವನ್ನು ಅಗೆದು ತೆಗೆಯಲು ಇರುವ ದೊಡ್ಡ ಯು ಮೊನೆ ಮಾತ್ರ ಎಷ್ಟು ಮೊಂಡಾಗಿತ್ತೆಂದರೆ ಅದು ಕತ್ತರಿಸುತ್ತಿರಲಿಲ್ಲ, ಉಳುತ್ತಿತ್ತು. ಮೊಂಡು ಉಳಿಯೇ ಚೂಪಾದ ಉಳಿಗಿಂತ ಅಪಾಯಕಾರಿ ಎಂಬುದು ಬಡಗಿಗಳಿಗೆಲ್ಲ ಗೊತ್ತಿರುವ ವಿಚಾರ. ನನಗೆ ಗೊತ್ತಾಗಿದ್ದು ಎರಡನೆಯ ದಿನ, ಒತ್ತಿ ತಳ್ಳುತ್ತಿದ್ದ ಮೊನೆ ಜಾರಿ ಎಡಗೈ ಹೆಬ್ಬೆರಳಿನ ಬುಡಕ್ಕೆ ತಾಗಿದಾಗ. ಲಿನೋವನ್ನು ಹಿಡಿದಿರುವ ಕೈ ಯಾವಾಗಲೂ ಉಳಿಯ ಹಿಂದಿರಬೇಕು, ಎದುರಿಗಲ್ಲ ಎಂಬ ಎಚ್ಚರಿಕೆ ಕಿಟ್ಟಿನ ಸೂಚನಾ ಚೀಟಿಯಲ್ಲಿ ಇದೆ, ಆದರೆ ಅದು ಚೀಟಿಯ ಕೊನೆಯ ಸಾಲಿನಲ್ಲಿ, ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರಗಳಲ್ಲಿದೆ. ಡಿಸೈನರ್ ಆಗಿ ಇದನ್ನು ಕ್ಷಮಿಸುವುದು ನನ್ನಿಂದಾಗದು. ಲಿನೋ ಅಲುಗದಂತೆ ತಡೆಯುವ ಅಡ್ಡಪಟ್ಟಿಯ ಹಲಗೆಯನ್ನೂ ಕೊಟ್ಟಿಲ್ಲ. ಒಂದು ಪ್ಲೈವುಡ್ ತುಂಡಿನ ಮೇಲಂಚಿಗೆ ಒಂದು, ಕೆಳಗಿನಂಚಿಗೆ ಅಡಿಯಿಂದ ಒಂದು ಮರದ ಪಟ್ಟಿ ಅಂಟಿಸಿಕೊಂಡರೆ ಅದು ಮೇಜಿನ ಅಂಚಿಗೆ ಕಚ್ಚಿಕೊಂಡು ಕೂರುತ್ತದೆ. ಇದನ್ನು ಮಾಡಿಕೊಳ್ಳದೆ ದಯವಿಟ್ಟು ಉಳಿ ಮುಟ್ಟಬೇಡಿ.

ಲಿನೋ ಎಂಬುದು ಮೂಲದಲ್ಲಿ ನೆಲಹಾಸು. 1863ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಪೇಟೆಂಟ್ ಪಡೆದ ಈ ವಸ್ತು ಗಟ್ಟಿಯಾಗಿಸಿದ ಅಗಸೆ ಎಣ್ಣೆಗೆ ಬಿರಟೆಯ ಪುಡಿ ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಹರಡಿದ್ದು. ಮರದ ಹಾಗೆ ಎಳೆಗಳಿಲ್ಲದ ಕಾರಣ ಉಳಿ ಯಾವ ದಿಕ್ಕಿಗೆ ಬೇಕಾದರೂ ತಿರುಗುತ್ತದೆ, ಮತ್ತು ಗುಂಡುಗುಂಡಾದ ಕನ್ನಡ ಅಕ್ಷರಗಳಿಗೆ ಇದಕ್ಕಿಂತ ಹೇಳಿಮಾಡಿಸಿದ ವಸ್ತು ಇಲ್ಲ. ಆದರೆ ಅದರೊಳಗಿನ ಎಣ್ಣೆ ಗಾಳಿಗೆ ಒಣಗುತ್ತಲೇ ಇರುತ್ತದೆ. ಹಳೆಯ ಲಿನೋ ಬಾಗಿಸಿದರೆ ಬಿರುಕು ಬಿಡುತ್ತದೆ, ಕೊರೆದರೆ ಸುರುಳಿಯಾಗಿ ಏಳುವ ಬದಲು ಪುಡಿಪುಡಿಯಾಗಿ ಉದುರುತ್ತದೆ. ನನಗೆ ಬಂದ ಎರಡು ತುಂಡುಗಳಲ್ಲಿ ಒಂದು ಅಂಥದೇ ಮುದಿ ಲಿನೋ. ಜನವರಿಯ ಬೆಳಗಿನ ಚಳಿಯಲ್ಲಂತೂ ಅದು ಸ್ಲೇಟಿನಂತಿತ್ತು. ಬಟ್ಟೆ ಮುಚ್ಚಿ, ಇಸ್ತ್ರಿಪೆಟ್ಟಿಗೆಯನ್ನು ಸಣ್ಣ ಬಿಸಿಯಲ್ಲಿಟ್ಟು ಅದರ ಮೇಲೆ ಒಮ್ಮೆ ಆಡಿಸಿದರೆ ಹತ್ತು ನಿಮಿಷ ಮೆತ್ತಗಿರುತ್ತದೆ. ಆಮೇಲೆ ಮತ್ತೆ ಕಾಯಿಸಬೇಕು. ಬಿಸಿಲಿದ್ದರೆ ಕಿಟಕಿಯ ಕಟ್ಟೆಯೇ ಸಾಕು.

ಅಕ್ಷರಗಳನ್ನು ಲಿನೋದ ಮೇಲೆ ಇಳಿಸುವಾಗ ನಾನು ಮಾಡಿದ ತಪ್ಪು ಕಿಟ್ಟಿನದಲ್ಲ, ಕಸುಬಿನ ಅಹಂಕಾರದ್ದು. ಅಚ್ಚಿನಲ್ಲಿ ನೇರವಾಗಿ ಬರಬೇಕಾದರೆ ಲಿನೋದ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು ಎಂಬುದು ಗೊತ್ತಿದ್ದುದರಿಂದ ಕಂಪ್ಯೂಟರಿನಲ್ಲಿ ಮೊದಲೇ ತಿರುಗಿಸಿ ಲೇಸರ್ ಪ್ರಿಂಟ್ ತೆಗೆದೆ. ಅದನ್ನು ಲಿನೋದ ಮೇಲೆ ಮಗುಚಿ ಹಾಕಿ, ಬೆನ್ನಿಗೆ ಉಗುರುಬಣ್ಣ ತೆಗೆಯುವ ಅಸಿಟೋನ್ ಸವರಿ ಒತ್ತಿದರೆ ಟೋನರ್ ಕರಗಿ ಲಿನೋಗೆ ಅಂಟಿಕೊಳ್ಳುತ್ತದೆ. ಮಗುಚಿ ಹಾಕಿದಾಗಲೇ ಅಕ್ಷರ ಒಮ್ಮೆ ತಾನಾಗಿ ತಿರುಗುತ್ತದೆ ಎಂಬುದು ತಲೆಗೆ ಹೊಳೆಯಲಿಲ್ಲ. ಎರಡು ಸಲ ತಿರುಗಿದ ಅಕ್ಷರ ಲಿನೋದ ಮೇಲೆ ಅಂದವಾಗಿ, ನೇರವಾಗಿ, ಓದುವಂತೆ ಕುಳಿತಿತ್ತು, ಎಂದರೆ ಪೂರ್ತಿ ತಪ್ಪಾಗಿತ್ತು. 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ‘ಮಂಗಳೂರು ಸಮಾಚಾರ’ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರತಂದಾಗಲೂ ಕಲ್ಲಿನ ಮೇಲೆ ಕನ್ನಡ ತಿರುಗಿಯೇ ಕೂರಬೇಕಿತ್ತು. ಪುಟಗಟ್ಟಲೆ ಹಾಗೆ ಇಳಿಸಿದವರ ಮುಂದೆ ಐದಕ್ಷರಕ್ಕೆ ಎಡವಿದ ನನ್ನ ಪಾಡನ್ನು ನೆನೆದು ನಗು ಬಂತು. ಅಸಿಟೋನಿನಿಂದಲೇ ಒರೆಸಿ, ತಿರುಗಿಸದ ಪ್ರಿಂಟ್ ತೆಗೆದು ಮತ್ತೆ ಇಳಿಸಿದೆ. ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್ ಮಾತ್ರ ಹೀಗೆ ಇಳಿಯುತ್ತದೆ, ಇಂಕ್‌ಜೆಟ್ ಇಳಿಯುವುದಿಲ್ಲ. ಮತ್ತು ಈ ಕೆಲಸವನ್ನು ಕಿಟಕಿ ತೆರೆದಿಟ್ಟೇ ಮಾಡಬೇಕು.

ಮೊದಲ ಅಚ್ಚಿನಲ್ಲಿ ಅಕ್ಷರಗಳು ಕಪ್ಪಾಗಿ, ಹಿನ್ನೆಲೆ ಬಿಳಿಯಾಗಿ ಬರುವಂತೆ ಕೆತ್ತಿದೆ, ಎಂದರೆ ಅಕ್ಷರವನ್ನು ಉಳಿಸಿ ಸುತ್ತಲಿನದನ್ನೆಲ್ಲ ತೆಗೆದೆ. ‘ಕ’ದ ಅಡ್ಡಗೆರೆ, ‘ಪೆ’ಯ ಎತ್ವ ತೊಂದರೆ ಕೊಡಲಿಲ್ಲ. ತಿರುವುಗಳಲ್ಲಿ ಕೈಯನ್ನು ತಿರುಗಿಸುವುದಲ್ಲ, ಕೈಯನ್ನು ಒಂದೇ ಕಡೆ ಊರಿಕೊಂಡು ಲಿನೋವನ್ನು ನಿಧಾನವಾಗಿ ತಿರುಗಿಸಬೇಕೆಂದು ತಿಳಿಯುವಷ್ಟರಲ್ಲಿ ‘ಟ್ಟಿ’ಯ ಒತ್ತು ತುಸು ಸೊಟ್ಟಗಾಗಿತ್ತು, ಇರಲಿ. ಕೈಕೊಟ್ಟದ್ದು ‘ಥ’. ಅದರ ಹೊಟ್ಟೆಯ ನಡುವೆ ಒಂದು ಚುಕ್ಕಿಯಿದೆ. ಅಕ್ಷರದ ಬೇರೆಲ್ಲ ಭಾಗವೂ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಈ ಚುಕ್ಕಿ ಮಾತ್ರ ಕೆರೆಯ ನಡುವಿನ ದಿಬ್ಬದಂತೆ ಒಂಟಿ. ಎರಡು ಮಿಲಿಮೀಟರಿನ ಆ ದಿಬ್ಬದ ಸುತ್ತ ಸಣ್ಣ ವಿ ಮೊನೆಯನ್ನು ಆಡಿಸುವಾಗ ಉಳಿಯನ್ನು ಹೊರಕ್ಕೆ ಇಳಿಜಾರಾಗಿ ಹಿಡಿಯಬೇಕಿತ್ತು, ತಲೆಗಿಂತ ಬುಡ ಅಗಲವಾಗಿ ಉಳಿಯಬೇಕಿತ್ತು. ಅಚ್ಚುಕಟ್ಟಾಗಿ ಕಾಣಲೆಂದು ನಾನು ನೆಟ್ಟಗೆ ಕೊರೆದೆ, ಒಂದೆರಡು ಕಡೆ ಬುಡವನ್ನೂ ಕೊರೆದಿದ್ದಿರಬೇಕು. ಮುದಿ ಲಿನೋ ಬೇರೆ. ಹನ್ನೆರಡು ಪ್ರತಿ ತೆಗೆದ ಮೇಲೆ ಸಾಲಾಗಿ ಹರಡಿ ನೋಡಿದರೆ ಒಂದರಲ್ಲೂ ಚುಕ್ಕಿಯಿಲ್ಲ. ಮೊದಲ ಸಲ ರೋಲರ್ ಉರುಳಿಸಿದಾಗಲೇ ಅದು ಕಿತ್ತುಬಂದು ಶಾಯಿಯಲ್ಲಿ ಸೇರಿಹೋಗಿತ್ತು. ಚುಕ್ಕಿ ಹೋದ ‘ಥ’ ಹೊಟ್ಟೆ ಸೀಳಿದ ‘ಧ’ ಆಗುತ್ತದೆ. ಪತ್ರಿಕೆಯ ಹೆಸರು ‘ಕಧೆಪೆಟ್ಟಿಗೆ’. ಅಕ್ಕನ ಮಗಳು ಹನ್ನೆರಡನ್ನೂ ಎತ್ತಿಟ್ಟುಕೊಂಡು, ಪ್ರತಿಯೊಂದಕ್ಕೂ ಕೆಂಪು ಪೆನ್ನಿನಿಂದ ಒಂದೊಂದು ಚುಕ್ಕಿ ಇಟ್ಟಳು.

ಕಂಪ್ಯೂಟರಿನಲ್ಲಾದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಚುಕ್ಕಿಯನ್ನು ಮರಳಿ ಪಡೆಯಬಹುದಿತ್ತು. ಇಲ್ಲಿ ವಿನ್ಯಾಸವನ್ನೇ ಬದಲಿಸಬೇಕಾಯಿತು. ದಂಡಿ ಸತ್ಯಾಗ್ರಹದ ಹೊತ್ತಿಗೆ, 1930ರಲ್ಲಿ, ಚಿತ್ರಕಲಾವಿದ ನಂದಲಾಲ್ ಬೋಸರು ಮಾಡಿದ ಗಾಂಧೀಜಿಯ ಲಿನೋ ಅಚ್ಚನ್ನು ನೀವು ನೋಡಿರುತ್ತೀರಿ: ಕಪ್ಪು ನೆಲ, ಅದರ ಮೇಲೆ ಕೋಲು ಹಿಡಿದು ನಡೆಯುತ್ತಿರುವ ಆಕೃತಿ ಬಿಳಿಯ ಗೆರೆಗಳಲ್ಲಿ. ಉಳಿ ಹೋದ ದಾರಿಯೇ ಅಲ್ಲಿ ಗೆರೆ. ಎರಡನೆಯ ತುಂಡಿನಲ್ಲಿ ನಾನೂ ಅದೇ ದಾರಿ ಹಿಡಿದು, ಅಕ್ಷರಗಳನ್ನೇ ಕೊರೆದು ತೆಗೆದು, ಸುತ್ತಲಿನ ಕಪ್ಪನ್ನು ಹಾಗೆಯೇ ಬಿಟ್ಟೆ. ಆಗ ‘ಥ’ದ ಚುಕ್ಕಿ ದಿಬ್ಬವಲ್ಲ, ಗುಳಿ. ಸಣ್ಣ ಯು ಮೊನೆಯನ್ನು ಊರಿ ಲಿನೋವನ್ನು ಒಂದು ಸುತ್ತು ತಿರುಗಿಸಿದರೆ ಕಡಲೆಕಾಳಿನ ಸಿಪ್ಪೆಯಷ್ಟು ಚೂರು ಎದ್ದುಬರುತ್ತದೆ, ಚುಕ್ಕಿ ಮುಗಿಯಿತು. ಅಗೆಯಬೇಕಾದ ಜಾಗವೂ ಕಾಲು ಭಾಗಕ್ಕೆ ಇಳಿದದ್ದರಿಂದ ಆ ಮೊಂಡು ಮೊನೆಯ ಹಂಗೂ ತಪ್ಪಿತು. ಕಿಟ್ಟಿನ ಸೂಚನಾ ಚೀಟಿಯಲ್ಲಿ ಎಲೆ, ಮೀನು, ಹೃದಯದ ಚಿತ್ರಗಳಿವೆಯೇ ಹೊರತು ಅಕ್ಷರ ಕೆತ್ತುವವರಿಗೆ ಒಂದು ಸಾಲಿನ ಸಲಹೆಯೂ ಇಲ್ಲ. ಆದ್ದರಿಂದ ಹೇಳುತ್ತೇನೆ: ಕನ್ನಡವನ್ನು ಮೊದಲ ಬಾರಿ ಕೆತ್ತುವವರು ಬಿಳಿ ಅಕ್ಷರಗಳಿಂದಲೇ ತೊಡಗಲಿ, ‘ಠ’ ಮತ್ತು ‘ಥ’ ಇರುವ ಪದವನ್ನು ಕಪ್ಪಿನಲ್ಲಿ ಕೆತ್ತುವ ಧೈರ್ಯವನ್ನು ಮೂರನೆಯ ಅಚ್ಚಿಗೆ ಇಟ್ಟುಕೊಳ್ಳಲಿ.

ಶಾಯಿಯ ಬಗ್ಗೆ ಒಳ್ಳೆಯ ಮಾತಿಲ್ಲ. ನೀರು ಆಧಾರಿತ ಶಾಯಿ ತೊಳೆಯಲು ಸುಲಭ ಎಂಬುದೊಂದೇ ಅದರ ಗುಣ. ಮಾರ್ಚಿಯ ಮಧ್ಯಾಹ್ನ ಗಾಜಿನ ಮೇಲೆ ಹರಡಿ ಐದನೆಯ ಪ್ರತಿಗೆ ಬರುವಷ್ಟರಲ್ಲಿ ಅದು ಅಂಟಂಟಾಗಿ, ಕಾಗದದ ನಾರನ್ನೇ ಕಿತ್ತುಕೊಂಡು ಬರುತ್ತಿತ್ತು. ಕಪ್ಪು ನೆಲವಂತೂ ಎಲ್ಲೆಲ್ಲೂ ಉಪ್ಪು ಉದುರಿಸಿದಂತೆ ಚುಕ್ಕೆಚುಕ್ಕೆ. ನಾನು ಸದಾ ಕೆಲಸ ಕಳಿಸುವ ಆಫ್‌ಸೆಟ್ ಮುದ್ರಣಾಲಯದ ಯಜಮಾನರನ್ನು ಕೇಳಿದಾಗ ಅವರು ಒಂದು ಹಳೆಯ ಡಬ್ಬಿಯಲ್ಲಿ ಎರಡು ಚಮಚದಷ್ಟು ಕಪ್ಪು ಶಾಯಿ ಹಾಕಿಕೊಟ್ಟರು. ಅಷ್ಟರಲ್ಲೇ ಮೂವತ್ತು ಪ್ರತಿ ಮುಗಿದು ಇನ್ನೂ ಉಳಿದಿದೆ. ಎಣ್ಣೆಯ ಶಾಯಿಯಾದ್ದರಿಂದ ಒಣಗಲು ಎರಡು ದಿನ ಹಿಡಿಯಿತು, ಆದರೆ ಕಪ್ಪು ಕಾಡಿಗೆಯಂತೆ ಒಂದೇ ಸಮನಾಗಿ ಕೂತಿತು. ರೋಲರನ್ನು ಮೊದಲು ಅಡುಗೆ ಎಣ್ಣೆಯಿಂದ ಒರೆಸಿ, ಆಮೇಲೆ ಸೋಪಿನ ನೀರಿನಲ್ಲಿ ತೊಳೆದರೆ ಶಾಯಿ ಪೂರ್ತಿ ಬಿಡುತ್ತದೆ. ಗಾಜಿನ ಮೇಲೆ ಶಾಯಿ ಎಷ್ಟು ತೆಳುವಾಗಿದೆ ಎಂಬುದನ್ನು ಕಣ್ಣಿಗಿಂತ ಕಿವಿಯೇ ಚೆನ್ನಾಗಿ ಹೇಳುತ್ತದೆ: ಹೆಚ್ಚಾಗಿದ್ದರೆ ರೋಲರ್ ಪಚಪಚ ಎನ್ನುತ್ತದೆ, ಹದಕ್ಕೆ ಬಂದಾಗ ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಸಣ್ಣಗೆ ಚುರುಗುಡುತ್ತದೆ.

ರೋಲರ್ ಈ ಪೆಟ್ಟಿಗೆಯ ಅತ್ಯುತ್ತಮ ವಸ್ತು. ರಬ್ಬರು ಮೆತ್ತಗಿದೆ, ಅಂಚುಗಳಲ್ಲಿ ಗೆರೆ ಬೀಳುವುದಿಲ್ಲ. ರಬ್ಬರನ್ನು ಕೆಳಗೆ ಮಾಡಿ ಇಟ್ಟರೆ ಅಲ್ಲಿ ಚಪ್ಪಟೆಯಾಗುತ್ತದೆ, ಆದ್ದರಿಂದ ಬೆನ್ನ ಮೇಲೆ ಮಲಗಿಸಿ ಇಡಬೇಕು. ಉಜ್ಜುವ ಪ್ಲಾಸ್ಟಿಕ್ ಬಿಲ್ಲೆ ಮೂರನೆಯ ಪ್ರತಿಗೇ ಹಿಡಿಕೆ ಮುರಿದುಕೊಂಡಿತು. ಮರದ ಸೌಟಿನ ಬೆನ್ನು ಅದಕ್ಕಿಂತ ಎಷ್ಟೋ ಮೇಲು. ಕೈಯಿಂದ ಉಜ್ಜುವವರಿಗೆ ದಪ್ಪ ಕಾಗದ ಆಗಿಬರುವುದಿಲ್ಲ, ಸುಲ್ತಾನ್‌ಪೇಟೆಯ ಕಾಗದದ ಅಂಗಡಿಗಳಲ್ಲಿ ತೆಳ್ಳಗಿನ, ನುಣುಪಾದ, ಹೊಳಪಿಲ್ಲದ ಹಾಳೆಯನ್ನು ಮುಟ್ಟಿ ನೋಡಿ ಕೊಳ್ಳಬಹುದು.

ಕಸುಬಿಗೆ ಇದರಿಂದ ಏನಾದರೂ ಬಂತೇ ಎಂದು ಕೇಳುವ ಸಹೋದ್ಯೋಗಿಗಳಿಗೆ ಒಂದು ಸಂಗತಿ ಹೇಳಬಹುದು. ಪ್ಲಾಸ್ಟಿಕ್ ಪೊಟ್ಟಣಗಳನ್ನು ಮುದ್ರಿಸುವ ಫ್ಲೆಕ್ಸೋ ವಿಧಾನವೂ ಉಬ್ಬಚ್ಚೇ. ಮೆತ್ತನೆಯ ಪಾಲಿಮರ್ ಪ್ಲೇಟಿನಲ್ಲಿ ಉಬ್ಬಿ ನಿಂತ ಭಾಗಕ್ಕೆ ಮಾತ್ರ ಶಾಯಿ ಹತ್ತುತ್ತದೆ. ಒಂಟಿಯಾಗಿ ನಿಂತ ಸಣ್ಣ ಚುಕ್ಕಿ ಬುಡ ಗಟ್ಟಿಯಿಲ್ಲದಿದ್ದರೆ ಪ್ಲೇಟು ತಯಾರಾಗುವಾಗಲೇ ಕೊಚ್ಚಿಹೋಗುತ್ತದೆ. ಈ ನಿಯಮವನ್ನು, ಇಂತಿಷ್ಟಕ್ಕಿಂತ ಸಣ್ಣ ಗೆರೆ, ಸಣ್ಣ ಚುಕ್ಕಿ ಬೇಡ ಎಂದು ಮುದ್ರಣಾಲಯದವರು ಕಳಿಸುವ ಪಟ್ಟಿಯಲ್ಲಿ ನಾನು ವರ್ಷಗಳಿಂದ ಓದುತ್ತ ಬಂದಿದ್ದೇನೆ, ಓದಿ ಗೊಣಗುತ್ತಲೂ ಬಂದಿದ್ದೇನೆ. ಏಪ್ರಿಲಿನಲ್ಲಿ ಒಂದು ಮಸಾಲೆ ಪೊಟ್ಟಣದ ಹಿಂಬದಿಗೆ ‘ಪದಾರ್ಥಗಳು’ ಎಂದು ಹಾಕುವಾಗ ಅಲ್ಲಿನ ‘ಥ’ದ ಚುಕ್ಕಿಯನ್ನು ಯಾರೂ ಹೇಳದೆ ನಾನೇ ದಪ್ಪ ಮಾಡಿ, ಹೊಟ್ಟೆಯನ್ನು ತುಸು ಹಿಗ್ಗಿಸಿ ಕಳಿಸಿದೆ. ಅಚ್ಚಾಗಿ ಬಂದ ಪೊಟ್ಟಣದಲ್ಲಿ ಚುಕ್ಕಿ ಇದೆ.

ಇನ್ನೊಂದು ಕಿಟ್ ಕೊಳ್ಳುವುದಾದರೆ ನಾನು ಕೊಳ್ಳುವುದಿಲ್ಲ; ಒಳ್ಳೆಯ ರೋಲರ್, ಒಂದು ವಿ ಉಳಿ, ಒಂದು ಯು ಉಳಿ, ಹೊಸ ಲಿನೋ ಇಷ್ಟನ್ನೇ ಬಿಡಿಬಿಡಿಯಾಗಿ ಆರಿಸಿಕೊಳ್ಳುತ್ತೇನೆ. ಲಿನೋ ಕೈಗೆ ಬಂದ ಕೂಡಲೇ ಒಂದು ಮೂಲೆಯನ್ನು ಕೊರೆದು ನೋಡಿ, ಸುರುಳಿ ಏಳದೆ ಪುಡಿ ಉದುರಿದರೆ ಆ ದಿನವೇ ಹಿಂದಿರುಗಿಸಿ. ಏನೂ ಗೊತ್ತಿಲ್ಲದೆ ಒಂದು ಭಾನುವಾರ ಕೈಯಾಡಿಸಿ ನೋಡಬೇಕು ಎನ್ನುವವರಿಗೆ ಮಾತ್ರ ಈ ಪೆಟ್ಟಿಗೆ ಸಾಕು. ಒಂದು ತಕರಾರು ಇನ್ನೂ ಬಗೆಹರಿದಿಲ್ಲ: ಸಣ್ಣ ವಿ ಮೊನೆ ಈಗ ಸವೆಯತೊಡಗಿದೆ, ಅದೊಂದನ್ನೇ ಕೊಡುತ್ತೀರಾ ಎಂದು ಮಾರಿದವರನ್ನು ಕೇಳಿದರೆ ಬಿಡಿ ಮೊನೆ ಇಲ್ಲ, ಇಡೀ ಕಿಟ್ಟನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಸದ್ಯಕ್ಕೆ ಚರ್ಮದ ಹಳೆಯ ಬೆಲ್ಟಿಗೆ ಪಾಲಿಶ್ ಪುಡಿ ಸವರಿ ಅದರ ಮೇಲೆ ಮೊನೆಯನ್ನು ಎಳೆದೆಳೆದು ಕಾಲ ತಳ್ಳುತ್ತಿದ್ದೇನೆ.