ಅಡಿ-ಇಂಚೋ, ಮಿಲಿಮೀಟರೋ: ಮನೆ ಕಟ್ಟುವಲ್ಲಿ ಎರಡು ಅಳತೆಗಳ ಹೋಲಿಕೆ

ಕಾನೂನಿನ ಮಟ್ಟಿಗೆ ಭಾರತ ಬಹಳ ಹಿಂದೆಯೇ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡಿದೆ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದಿತು, 1958ರ ಅಕ್ಟೋಬರ್‌ನಿಂದ ಅದು ಹಂತಹಂತವಾಗಿ ಜಾರಿಯಾಯಿತು, ಮಣ ಮತ್ತು ಸೇರಿನ ತೂಕದ ಕಲ್ಲುಗಳು ಅಂಗಡಿಗಳಿಂದ ಮರೆಯಾಗಿ ಕಿಲೋಗ್ರಾಂ ನೆಲೆಯೂರಿತು. ಆದರೆ ಮನೆ ಕಟ್ಟುವ ಜಾಗದಲ್ಲಿ ಈ ಬದಲಾವಣೆ ಅರ್ಧಕ್ಕೇ ನಿಂತಿದೆ. ನಿವೇಶನ 30×40 ಅಡಿ, ಮನೆ ಹತ್ತು ಚದರ, ಬ್ಲಾಕು ಆರಿಂಚು. ಅದೇ ಮನೆಯ ಕಂಬಿ 12 ಮಿಲಿಮೀಟರ್, ಸಿಮೆಂಟಿನ ಚೀಲ 50 ಕೆಜಿ, ವಿದ್ಯುತ್ ತಂತಿ 2.5 ಚದರ ಮಿಲಿಮೀಟರ್. ಪ್ಲೈವುಡ್ ಹಲಗೆಯಂತೂ ಉದ್ದಗಲದಲ್ಲಿ 8×4 ಅಡಿ, ದಪ್ಪದಲ್ಲಿ 18 ಮಿಲಿಮೀಟರ್. ಕಟ್ಟಡಗಳ ಉಸ್ತುವಾರಿಯೇ ನನ್ನ ವೃತ್ತಿಯಾದ್ದರಿಂದ, ಒಂದು ಮನೆಯನ್ನು ಪೂರ್ತಿಯಾಗಿ ಅಡಿ-ಇಂಚಿನ ನಕ್ಷೆಯಲ್ಲೂ, ಹೆಚ್ಚುಕಡಿಮೆ ಅದೇ ಗಾತ್ರದ ಇನ್ನೊಂದನ್ನು ಪೂರ್ತಿಯಾಗಿ ಮಿಲಿಮೀಟರ್ ನಕ್ಷೆಯಲ್ಲೂ ಅದೇ ಮೇಸ್ತ್ರಿಯಿಂದ ಕಟ್ಟಿಸಿ ನೋಡಿದೆ. ಇಲ್ಲಿ ಹೇಳುತ್ತಿರುವುದು ಆ ಎರಡು ಮನೆಗಳ ಕೆಲಸದಲ್ಲಿ ಕಂಡದ್ದು.

ಪಾಯಕ್ಕೆ ಗುರುತು ಹಾಕುವ ದಿನವೇ ವ್ಯತ್ಯಾಸ ಎದ್ದು ಕಂಡಿತು. ಒಂದು ಸಾಲಿನಲ್ಲಿ 4 ಅಡಿ 7½ ಇಂಚಿನ ಶೌಚಾಲಯ, 9 ಇಂಚಿನ ಗೋಡೆ, 11 ಅಡಿ 3¾ ಇಂಚಿನ ಕೋಣೆ, 4½ ಇಂಚಿನ ಅಡ್ಡಗೋಡೆ ಬಂದರೆ, ಒಟ್ಟು ಉದ್ದ ಸರಿಯಿದೆಯೇ ಎಂದು ತಾಳೆ ನೋಡಲು ಅಡಿಗಳನ್ನು ಬೇರೆ, ಇಂಚುಗಳನ್ನು ಬೇರೆ, ಭಿನ್ನರಾಶಿಗಳನ್ನು ಮತ್ತೂ ಬೇರೆ ಕೂಡಿ, ಹನ್ನೆರಡರಿಂದ ಭಾಗಿಸಿ, 17 ಅಡಿ ಮುಕ್ಕಾಲು ಇಂಚು ಎಂಬ ಉತ್ತರಕ್ಕೆ ಬರಬೇಕು. ಮಿಲಿಮೀಟರ್ ನಕ್ಷೆಯಲ್ಲಿ ಅಂಥದ್ದೇ ಸಾಲು 1400, 230, 3450, 115 ಎಂದಿತ್ತು, ಕೂಡಿದರೆ 5195. ಬಿಸಿಲಿನಲ್ಲಿ ನಿಂತು, ದಾರ ಎಳೆದು ಹಿಡಿದವರು ಕಾಯುತ್ತಿರುವಾಗ, ಈ ಎರಡನೆಯ ಲೆಕ್ಕವನ್ನು ಯಾರು ಬೇಕಾದರೂ ಕಾಗದದ ಅಂಚಿನಲ್ಲಿ ಮಾಡಿ ಮುಗಿಸಬಹುದು, ಮತ್ತೊಬ್ಬರು ಅದನ್ನು ಕ್ಷಣದಲ್ಲಿ ಪರಿಶೀಲಿಸಬಹುದು. ನನ್ನ ದೃಷ್ಟಿಯಲ್ಲಿ ಮಿಲಿಮೀಟರಿನ ಅತಿ ದೊಡ್ಡ ಗುಣ ಅದರ ಸೂಕ್ಷ್ಮತೆಗಿಂತ ಹೆಚ್ಚಾಗಿ ಈ ಸುಲಭದ ತಾಳೆಯೇ.

ಮೆಟ್ರಿಕ್ ಪಕ್ಷದ ದೌರ್ಬಲ್ಯವೊಂದನ್ನು ಇಲ್ಲಿಯೇ ಹೇಳಬೇಕು. ಟೇಪಿನ ಮೇಲೆ ಅಚ್ಚಾಗಿರುವ ಅಂಕಿಗಳು ಸಾಮಾನ್ಯವಾಗಿ ಸೆಂಟಿಮೀಟರಿನವು, ನಕ್ಷೆಯ ಅಂಕಿಗಳು ಮಿಲಿಮೀಟರಿನವು. ಮೇಲಿನಿಂದ 345 ಎಂದು ಒಬ್ಬರು ಕೂಗಿದರೆ ಕೆಳಗೆ ಬರೆದುಕೊಳ್ಳುವವರು ಒಂದು ಸೊನ್ನೆ ಸೇರಿಸಬೇಕು, ಮತ್ತು ಎಲ್ಲರೂ ಅದನ್ನು ನೆನಪಿನಲ್ಲಿ ಸೇರಿಸುವುದಿಲ್ಲ. ಆದ್ದರಿಂದ ಮಿಲಿಮೀಟರಿನಲ್ಲಿ ಕೆಲಸ ಮಾಡುವುದಾದರೆ ಸೆಂಟಿಮೀಟರನ್ನು ಮಾತಿನಿಂದಲೇ ಹೊರಗಿಡಬೇಕು; ಕೂಗುವವರೂ "ಮೂರು ಸಾವಿರದ ನಾನೂರ ಐವತ್ತು" ಎಂದೇ ಕೂಗಬೇಕು. ಉದ್ದವಾದರೂ ತಪ್ಪಿಗೆ ಎಡೆಯಿಲ್ಲದ ಮಾತು ಅದು.

ಅಡಿಯ ಬಲವಿರುವುದು ಮನೆಯವರೊಡನೆ ಕುಳಿತು ಮಾತನಾಡುವಾಗ. 3050×3660ರ ಕೋಣೆ ಎಂದು ಹೇಳಿದರೆ ಮನೆ ಕಟ್ಟಿಸುವ ದಂಪತಿಗೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಹತ್ತು-ಹನ್ನೆರಡರ ಕೋಣೆ ಎಂದ ಕೂಡಲೇ ಮಂಚ ಎಲ್ಲಿ, ಬೀರು ಎಲ್ಲಿ ಎಂಬ ಚರ್ಚೆ ಆರಂಭವಾಗುತ್ತದೆ. ನೂರು ಚದರಡಿಗೆ ಒಂದು ಚದರ ಎಂಬ ನಮ್ಮ ಲೆಕ್ಕವೂ ಖರ್ಚಿನ ಅಂದಾಜಿಗೆ ಅತ್ಯಂತ ಅನುಕೂಲವಾದದ್ದು. ಹನ್ನೆರಡು ಇಂಚನ್ನು ಎರಡು, ಮೂರು, ನಾಲ್ಕು, ಆರು ಭಾಗಗಳನ್ನಾಗಿ ಸಲೀಸಾಗಿ ಮಾಡಬಹುದಾದ್ದರಿಂದ ಕಿಟಕಿಯ ಕಂಬಿಗಳ ಅಂತರವನ್ನು ಬಡಗಿ ಬಾಯಲ್ಲೇ ಹೇಳಿಬಿಡುತ್ತಾನೆ. ಇದು ಹಳೆಯ ಅಭ್ಯಾಸದ ಮೇಲಿನ ಮೋಹ ಮಾತ್ರವಲ್ಲ, ನಿಜವಾದ ಅನುಕೂಲ, ಮತ್ತು ಮೆಟ್ರಿಕ್ ಪದ್ಧತಿಯನ್ನು ಬೆಂಬಲಿಸುವವರು ಇದನ್ನು ಹಗುರವಾಗಿ ಕಾಣಬಾರದು.

ಆದರೆ ಸಾಮಾನು ಬಂದು ಇಳಿಯತೊಡಗಿದ ಮೇಲೆ ಅಡಿಯ ಮನೆಯಲ್ಲಿ ತೊಡಕುಗಳು ಹೆಚ್ಚಿದವು, ಏಕೆಂದರೆ ಕಾರ್ಖಾನೆಗಳು ಮೆಟ್ರಿಕ್ ಅಳತೆಗೆ ಹೋಗಿ ದಶಕಗಳಾಗಿವೆ. ನಾಲ್ವತ್ತು ಅಡಿಯದೆಂದು ಎಲ್ಲರೂ ಕರೆಯುವ ಕಂಬಿಯ ನಿಜವಾದ ಉದ್ದ 12 ಮೀಟರ್, ಅಂದರೆ 39 ಅಡಿ ನಾಲ್ಕೂವರೆ ಇಂಚಿಗಿಂತ ಕೊಂಚ ಕಡಿಮೆ. ನಾಲ್ಕು ಹತ್ತಡಿ ತುಂಡುಗಳನ್ನು ಲೆಕ್ಕ ಹಾಕಿದರೆ ಕೊನೆಯದು ಏಳೂವರೆ ಇಂಚಿನಷ್ಟು ಸಾಲದೆ ಬರುತ್ತದೆ. ತೂಕದ ಲೆಕ್ಕವೂ ಮೆಟ್ರಿಕ್‌ನಲ್ಲೇ ಚೆಂದ. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಸಿಗುತ್ತದೆ: 12 ಮಿಲಿಮೀಟರ್ ಕಂಬಿಗೆ 0.89 ಕೆಜಿ. ಕಾಂಕ್ರೀಟಿನಲ್ಲಿಯೂ ಹಾಗೆಯೇ. ಹತ್ತು ಚದರ ಮೀಟರ್ ತಾರಸಿ 125 ಮಿಲಿಮೀಟರ್ ದಪ್ಪವಿದ್ದರೆ ಬೇಕಾದದ್ದು 1.25 ಘನ ಮೀಟರ್, ರೆಡಿಮಿಕ್ಸ್‌ನವರು ಮಾರುವುದೂ ಘನ ಮೀಟರಿನಲ್ಲೇ.

ಟೈಲ್ಸ್ ವಿಷಯದಲ್ಲಿ ಸ್ವಲ್ಪ ನಿಲ್ಲುವುದು ಒಳ್ಳೆಯದು. ಎರಡು ಅಡಿಯ ಟೈಲ್ ಎಂದು ಅಂಗಡಿಯಲ್ಲಿ ಹೇಳುವುದು ವಾಸ್ತವದಲ್ಲಿ 600 ಮಿಲಿಮೀಟರಿನದು; ಎರಡು ಅಡಿಯೆಂದರೆ 609.6 ಮಿಲಿಮೀಟರ್. ಗಾರೆಯಾದ ಮೇಲೆ ಸರಿಯಾಗಿ 12 ಅಡಿ ಉಳಿಯುವ ಕೋಣೆಗೆ ಆರು ಟೈಲ್ ಸಾಕೆಂಬುದು ಅಡಿಯ ಲೆಕ್ಕ. ಆದರೆ ಕೋಣೆ 3657.6 ಮಿಲಿಮೀಟರ್, ಆರು ಟೈಲ್ ಸೇರಿದರೆ 3600. ಸಂದುಗಳನ್ನು ಕಳೆದರೂ ಗೋಡೆಯ ಪಕ್ಕದಲ್ಲಿ ಸುಮಾರು 45 ಮಿಲಿಮೀಟರಿನ ಪಟ್ಟಿ ಖಾಲಿ ಉಳಿಯುತ್ತದೆ. ಅಷ್ಟು ಕಿರಿದಾದ ತುಂಡನ್ನು ಕತ್ತರಿಸುವಾಗ ಟೈಲ್ ಒಡೆಯುತ್ತದೆ, ಒಡೆಯದಿದ್ದರೂ ನೋಡಲು ಚೆನ್ನಾಗಿರುವುದಿಲ್ಲ. ಮಿಲಿಮೀಟರ್ ಮನೆಯಲ್ಲಿ ಕೋಣೆಯ ಒಳ ಅಳತೆಯನ್ನು ನಕ್ಷೆಯಲ್ಲಿಯೇ ಟೈಲ್‌ಗೆ ಹೊಂದಿಸಿದ್ದರಿಂದ ಈ ಪಟ್ಟಿಯ ಪ್ರಶ್ನೆಯೇ ಏಳಲಿಲ್ಲ.

ಮೆಟ್ಟಿಲು ಇನ್ನೊಂದು ಪಾಠ ಕಲಿಸಿತು. ಅಡಿಯ ಮನೆಯಲ್ಲಿ ಮಹಡಿಯಿಂದ ಮಹಡಿಗೆ 10 ಅಡಿ, ಆರಾರು ಇಂಚಿನ ಇಪ್ಪತ್ತು ಮೆಟ್ಟಿಲು, ಲೆಕ್ಕ ಚೊಕ್ಕ. ಮಿಲಿಮೀಟರ್ ಮನೆಯಲ್ಲಿ ಎತ್ತರ 3000, ತಲಾ 150ರ ಇಪ್ಪತ್ತು ಮೆಟ್ಟಿಲು; ಅದೂ ಚೊಕ್ಕ. ಕೆಡುವುದು ಎರಡನ್ನೂ ಬೆರೆಸಿದಾಗ. ಮನೆಯ ನಕ್ಷೆ 10 ಅಡಿ ಎಂದು ಹೇಳಿ, ಕಂಬಿಯ ವಿವರದ ನಕ್ಷೆ 150 ಮಿಲಿಮೀಟರ್ ಎಂದು ಹೇಳಿದರೆ, 3048ರಲ್ಲಿ 3000 ಮಾತ್ರ ತುಂಬಿ ಕೊನೆಯ ಮೆಟ್ಟಿಲು ಉಳಿದವುಗಳಿಗಿಂತ 48 ಮಿಲಿಮೀಟರ್ ಎತ್ತರವಾಗುತ್ತದೆ. ಹತ್ತೊಂಬತ್ತು ಸಮ ಮೆಟ್ಟಿಲುಗಳಿಗೆ ಹೊಂದಿಕೊಂಡ ಕಾಲು ಇಪ್ಪತ್ತನೆಯದರಲ್ಲಿ ಎಡವುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಸಣ್ಣ ಮಾತಲ್ಲ. ಊರಿನ ಬಹುಪಾಲು ಕಟ್ಟಡಗಳಲ್ಲಿ ನಡೆಯುತ್ತಿರುವುದು ಈ ಬೆರಕೆಯೇ ಆದ್ದರಿಂದ, ಎರಡರಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗಿಂತ ಒಂದು ಕಟ್ಟಡದಲ್ಲಿ ಒಂದೇ ಪದ್ಧತಿ ಎಂಬ ನಿಯಮ ಮುಖ್ಯವೆಂದು ನನಗೆ ಮನವರಿಕೆಯಾಗಿದೆ. ಹಾಗೆ ಒಂದನ್ನೇ ಆರಿಸಬೇಕಾದರೆ, ಕಂಬಿ, ಟೈಲ್, ಕಾಂಕ್ರೀಟು ಎಲ್ಲವೂ ಈಗಾಗಲೇ ಮೆಟ್ರಿಕ್‌ನಲ್ಲಿ ಬರುತ್ತಿರುವುದರಿಂದ, ನಾನು ಹಿಂಜರಿಯದೆ ಮಿಲಿಮೀಟರನ್ನು ಆರಿಸುತ್ತೇನೆ.

ಭೂಮಿಯ ವಿಷಯಕ್ಕೆ ಬಂದರೆ ಈ ತೀರ್ಮಾನ ಅಷ್ಟು ಸುಲಭವಲ್ಲ. 33 ಅಡಿ ಚೌಕಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಪಹಣಿಯಲ್ಲಿಯೂ ರೈತರ ಬಾಯಲ್ಲಿಯೂ ಗಟ್ಟಿಯಾಗಿ ಕುಳಿತಿದೆ, ಮತ್ತು ಸಣ್ಣ ಹಿಡುವಳಿಗಳಿಗೆ ಅದು ಹೆಕ್ಟೇರಿಗಿಂತ ಚೆನ್ನಾಗಿಯೇ ಹೊಂದುತ್ತದೆ. ಒಂದು ಗುಂಟೆ ಸುಮಾರು 101.17 ಚದರ ಮೀಟರ್ ಆಗುವುದರಿಂದ ನೂರು ಗುಂಟೆಯನ್ನು ಒಂದು ಹೆಕ್ಟೇರ್ ಎಂದುಬಿಡುವ ಆಸೆ ಸಹಜ. ಆದರೆ ಎರಡು ಎಕರೆ ಇಪ್ಪತ್ತು ಗುಂಟೆ ಎಂದರೆ 10,117 ಚದರ ಮೀಟರ್, ಹೆಕ್ಟೇರ್ ಎಂದರೆ 10,000. ನಡುವಿನ 117 ಚದರ ಮೀಟರಿನಲ್ಲಿ ಒಂದು 30×40 ಅಡಿಯ ನಿವೇಶನ ಪೂರ್ತಿಯಾಗಿ ಅಡಗುತ್ತದೆ, ಏಕೆಂದರೆ ಅದರ ವಿಸ್ತೀರ್ಣ 111.48 ಚದರ ಮೀಟರ್ ಮಾತ್ರ.

ಇದೇ ಎಚ್ಚರ ನಿವೇಶನ ಕೊಳ್ಳುವವರಿಗೂ ಬೇಕು. 9×12 ಮೀಟರಿನ ನಿವೇಶನವನ್ನು ಮಾತಿನಲ್ಲಿ ಮೂವತ್ತು-ನಲವತ್ತು ಎನ್ನುವುದು ರೂಢಿ. ಅದರ ವಿಸ್ತೀರ್ಣ 108 ಚದರ ಮೀಟರ್, ಅಂದರೆ 1162.5 ಚದರಡಿ, 1200 ಅಲ್ಲ. ಚದರಡಿಗೆ ಐದು ಸಾವಿರ ರೂಪಾಯಿ ದರವಿರುವ ಬಡಾವಣೆಯಲ್ಲಿ ಆ 37.5 ಚದರಡಿಯ ಬೆಲೆ 1,87,500 ರೂಪಾಯಿ. ನಾನು ನೋಡಿಕೊಳ್ಳುವ ಕೆಲಸಗಳಲ್ಲಿ ಈಗ ನಕ್ಷೆ ಬರೆಸುವುದಕ್ಕೆ ಮೊದಲು ಕ್ರಯಪತ್ರದ ಚೆಕ್ಕುಬಂದಿಯನ್ನು ಓದಿ, ನಾಲ್ಕೂ ಬದಿಗಳನ್ನು ಮೀಟರಿನಲ್ಲಿ ಅಳೆಸಿ, ಎರಡು ಕರ್ಣಗಳನ್ನೂ ಹಿಡಿಸಿ, ಆ ಅಳತೆಯನ್ನು ಒಮ್ಮೆ ಮಾತ್ರ ಅಡಿಗೆ ಪರಿವರ್ತಿಸಿ ಮನೆಯವರ ಕೈಗೆ ಕೊಡುತ್ತೇನೆ. ಅಲ್ಲಿಂದ ಮುಂದೆ ಕೆಲಸದವರ ಕೈಗೆ ಹೋಗುವ ಯಾವ ಹಾಳೆಯಲ್ಲಿಯೂ ಅಡಿ-ಇಂಚು ಇರುವುದಿಲ್ಲ.