ಕಾರ್ಕಳವನ್ನು ತಿರುಗಿಸಿದರೆ ಳಕ್ರಾಕ: ಪದ ಹಿಂದುಮುಂದು ಮಾಡುವ ದಾರಿಗಳ ಹೋಲಿಕೆ

ಪದವನ್ನು ಹಿಂದುಮುಂದು ಮಾಡು, ಎರಡೂ ಕಡೆಯಿಂದ ಒಂದೇ ಓದು ಬಂದರೆ ‘ಹೌದು’ ಅನ್ನು. ಪೈಥಾನ್ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ಸಿಗುವ ಲೆಕ್ಕ ಇದು. ಇಂಗ್ಲಿಷಿನ ಲೆವೆಲ್, ಮೇಡಮ್ ಹಾಕಿ ನೋಡಿದರೆ ಯಾವ ದಾರಿಯೂ ಸೋಲುವುದಿಲ್ಲ, ಹಾಗಾಗಿ ಹೋಲಿಸುವುದಕ್ಕೂ ಏನೂ ಉಳಿಯುವುದಿಲ್ಲ. ಇಲ್ಲಿ ಪರೀಕ್ಷೆಗೆ ಹಾಕಿದ್ದು ಮಂಗಳೂರು–ಉಡುಪಿ ಕಡೆಯ ಬಸ್ ಬೋರ್ಡಿನ ಊರುಗಳನ್ನು: ಉಡುಪಿ, ಕಾರ್ಕಳ, ಸುರತ್ಕಲ್. ಜೊತೆಗೆ ವಿಕಟಕವಿ, ಕುಬೇರನಿಗೇನಿರಬೇಕು, ಮತ್ತು ಮನೆಯಲ್ಲಿ ದಿನಾ ಬಾಯಿಗೆ ಬರುವ ಮಾಮ.

ಮೊದಲ ದಾರಿ ಸ್ಲೈಸಿಂಗ್: ಪದ[::-1], ಅಂದರೆ ಕೊನೆಯಿಂದ ಮೊದಲಿನವರೆಗೆ ಹೆಕ್ಕಿದ ನಕಲು. ಪೈಥಾನ್ 3ರಲ್ಲಿ ವೇರಿಯಬಲ್‌ಗೆ ‘ಪದ’ ಎಂದೇ ಹೆಸರಿಡಬಹುದು, ಎರರ್ ಬರುವುದಿಲ್ಲ. ಎರಡನೆಯದು ಲೂಪ್: ಒಂದೊಂದೇ ಅಕ್ಷರ ತೆಗೆದು ಉತ್ತರದ ಮುಂದಕ್ಕೆ ಅಂಟಿಸುತ್ತ ಹೋಗುವುದು. ಕಲಿಯುವುದಕ್ಕೆ ಒಳ್ಳೆಯದೇ, ಆದರೆ ಪ್ರತಿ ಸಲ ಇಡೀ ಸ್ಟ್ರಿಂಗ್ ಹೊಸದಾಗಿ ನಕಲಾಗುತ್ತದೆ. ಅಕ್ಷರ 1 ಲಕ್ಷ ಇದ್ದರೆ ನಕಲು ಸುಮಾರು 500 ಕೋಟಿ. ಮೂರನೆಯದು ರಿವರ್ಸ್ಡ್ ಮತ್ತು ಜಾಯಿನ್: ಮೊದಲನೆಯದು ಹಿಂದಿನಿಂದ ಒಂದೊಂದೇ ಕೊಡುತ್ತದೆ, ಎರಡನೆಯದು ಅವನ್ನು ಜೋಡಿಸುತ್ತದೆ. ಜಾಯಿನ್ ಮರೆತು ನೇರ ಪ್ರಿಂಟ್ ಮಾಡಿದರೆ ಪದದ ಬದಲು ಆಬ್ಜೆಕ್ಟಿನ ವಿಳಾಸ ಬರುತ್ತದೆ. ಈ ಮೂರರಲ್ಲಿ ಸ್ಲೈಸಿಂಗೇ ಸಾಕು, ಉಳಿದೆರಡನ್ನು ಒಮ್ಮೆ ಬರೆದು ನೋಡಿ ಬಿಟ್ಟುಬಿಡಬಹುದು.

ಕನ್ನಡ ಪದ ಹಾಕಿದ ಕೂಡಲೇ ಮೂರೂ ಒಟ್ಟಿಗೆ ಮುಗ್ಗರಿಸುತ್ತವೆ, ಯಾಕೆಂದರೆ ಮೂರೂ ತಿರುಗಿಸುವುದು ಅಕ್ಷರಗಳನ್ನಲ್ಲ, ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಯೂನಿಕೋಡ್ ಪಟ್ಟಿ ಕೊಟ್ಟ ಸಂಖ್ಯೆಗಳಾದ ಕೋಡ್‌ಪಾಯಿಂಟ್‌ಗಳನ್ನು. ‘ಉಡುಪಿ’ ನಮ್ಮ ಲೆಕ್ಕಕ್ಕೆ 3 ಅಕ್ಷರ, ಉದ್ದ ಎಣಿಸುವ ಲೆನ್ ಹೇಳುವುದು 5: ಉ, ಡ, ಕೊಂಬು, ಪ, ಗುಡಿಸು. ತಿರುಗಿಸಿದಾಗ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು, ಕೂರಲು ಅಕ್ಷರ ಸಿಗದೆ, ಚುಕ್ಕಿಯ ವೃತ್ತದ ಮೇಲೆ ಕೂರುತ್ತದೆ, ಅದರ ಹಿಂದೆ ‘ಪುಡಉ’. ಡಕಾರದ ಕೊಂಬು ಪಕಾರಕ್ಕೆ ಹೋಯಿತು. ಇಷ್ಟು ಕೆಟ್ಟಾಗಿ ಕಂಡರೆ ತಪ್ಪಾದರೂ ಗೊತ್ತಾಗುತ್ತದೆ. ಕಾರ್ಕಳದಲ್ಲಿ ಅದೂ ಇಲ್ಲ. ಬೋರ್ಡಿನಲ್ಲಿ ಅರ್ಕಾವತ್ತು ಕಕಾರದ ಬಲಕ್ಕಿದ್ದರೂ ಮೆಮೊರಿಯಲ್ಲಿ ಕ್ರಮ ಬೇರೆ: ಕ, ದೀರ್ಘ, ರ, ಹಲಂತ (ಸ್ವರವಿಲ್ಲ ಎನ್ನುವ ಚಿಹ್ನೆ), ಕ, ಳ. ತಿರುಗಿಸಿದರೆ ‘ಳಕ್ರಾಕ’. ಚುಕ್ಕಿವೃತ್ತ ಇಲ್ಲ, ಎಲ್ಲವೂ ಸರಿಯಾದ ಅಕ್ಷರಗಳೇ, ಉತ್ತರ ಮಾತ್ರ ತಪ್ಪು. ಬರಬೇಕಾದದ್ದು ‘ಳರ್ಕಕಾ’.

ವಿಕಟಕವಿಗೆ ಸ್ಲೈಸಿಂಗ್ ‘ಅಲ್ಲ’ ಅನ್ನುತ್ತದೆ. ಮಾಮನಿಗೆ ‘ಹೌದು’ ಅನ್ನುತ್ತದೆ, ಅಕ್ಷರದ ಲೆಕ್ಕಕ್ಕೆ ತಿರುಗಿಸಿದರೆ ಅದು ‘ಮಮಾ’ ಆಗಬೇಕಿದ್ದರೂ! ಮ, ದೀರ್ಘ, ಮ ಎಂದು ಎರಡೂ ಕಡೆಯಿಂದ ಒಂದೇ ಕ್ರಮವಲ್ಲವೇ. ತಾತ, ಕಾಕನ ಕಥೆಯೂ ಅದೇ. ಕನಕ, ಜಲಜ, ಸರಸ ಮಾತ್ರ ಹಾಕಿ ನೋಡಿದವರಿಗೆ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಸಿ ಭಾಷೆಯಲ್ಲಿ ಇನ್ನೂ ಕಷ್ಟ, ಅಲ್ಲಿ ಸ್ಟ್ರಿಂಗ್ ಎಂದರೆ ಬರೀ ಬೈಟ್‌ಗಳ ಸಾಲು. ಕೋಡ್‌ಪಾಯಿಂಟನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕಾರ್ಕಳ 18 ಬೈಟ್. ಕಕಾರವೊಂದೇ 224, 178, 149. ಅದರ ಬೈಟ್‌ಗಳನ್ನೇ ತಿರುಗಿಸಿದರೆ 149 ಮೊದಲು ಬರುತ್ತದೆ, ಅದು ಯಾವ ಅಕ್ಷರದ ಶುರುವೂ ಅಲ್ಲ, ಪರದೆ ತುಂಬ ಪ್ರಶ್ನಾರ್ಥಕ ಚಿಹ್ನೆ. (ಜಾವಾಸ್ಕ್ರಿಪ್ಟ್ ಕನ್ನಡದ ಮಟ್ಟಿಗೆ ಪೈಥಾನ್ ಹಾಗೆಯೇ ನಡೆಯುತ್ತದೆ. 2024ರ ಯೂನಿಕೋಡ್ 16ರಲ್ಲಿ ಸೇರಿದ ತುಳು-ತಿಗಳಾರಿ ಲಿಪಿಗೆ ಮಾತ್ರ ಅಲ್ಲಿ ಕೋಡ್‌ಪಾಯಿಂಟ್ ಒಂದಕ್ಕೆ ಎರಡೆರಡು 16-ಬಿಟ್ ತುಂಡು. ಖಾಲಿ ಸ್ಟ್ರಿಂಗ್ ಕೊಟ್ಟು ಸ್ಪ್ಲಿಟ್ ಮಾಡಿದರೆ ಅಕ್ಷರ ಮಧ್ಯಕ್ಕೇ ಸೀಳುತ್ತದೆ.)

ನಾಲ್ಕನೆಯ ದಾರಿ, ಅಕ್ಷರವನ್ನೂ ಅದರ ಚಿಹ್ನೆಗಳನ್ನೂ ಒಂದೇ ತುಂಡಾಗಿ ಹಿಡಿಯುವ, ರೆಜೆಕ್ಸ್ (regex) ಮಾಡ್ಯೂಲಿನ ಬ್ಯಾಕ್‌ಸ್ಲ್ಯಾಶ್ ದೊಡ್ಡ ಎಕ್ಸ್ (\X). ಇದನ್ನು ಪಿಪ್‌ನಿಂದ ಹಾಕಿಕೊಳ್ಳಬೇಕು. ಪೈಥಾನ್ ಜೊತೆಗೇ ಬರುವ ಆರ್‌ಇ (re) ಮಾಡ್ಯೂಲಿನಲ್ಲಿ ಬರೆದರೆ ‘ಬ್ಯಾಡ್ ಎಸ್ಕೇಪ್’ ಎರರ್. ಉಡುಪಿ, ವಿಕಟಕವಿ, ಮಾಮ ಮೂರಕ್ಕೂ ಸರಿ ಉತ್ತರ ಕೊಡುತ್ತದೆ. ಒತ್ತಕ್ಷರ ಬಂದಲ್ಲಿ ಸೋಲುತ್ತದೆ: ಕಾರ್ಕಳವನ್ನು ಕಾ, ರ್, ಕ, ಳ ಎಂದು ನಾಲ್ಕು ಮಾಡಿ ‘ಳಕರ್ಕಾ’ ಕೊಡುತ್ತದೆ. ಇದು ಮಾಡ್ಯೂಲಿನ ತಪ್ಪಲ್ಲ. ಒತ್ತಕ್ಷರವನ್ನು ಒಡೆಯದೆ ಇಡುವ ನಿಯಮ 2023ರ ಯೂನಿಕೋಡ್ 15.1ರಲ್ಲಿ ಬಂದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ.

ಹಾಗಾಗಿ ಐದನೆಯದು, ಕೈಯಾರೆ ಒಡೆಯುವುದು. ಹತ್ತು–ಹನ್ನೆರಡು ಸಾಲಿನ ಕೆಲಸ. ಖಾಲಿ ಪಟ್ಟಿಯಿಂದ ಶುರುಮಾಡಿ, ಪ್ರತಿ ಕೋಡ್‌ಪಾಯಿಂಟಿಗೂ ಯೂನಿಕೋಡ್‌ಡೇಟಾದ ಕೆಟಗರಿ ಕೇಳಿ; ಪೈಥಾನ್ ಜೊತೆಗೇ ಬರುವ ಈ ಮಾಡ್ಯೂಲ್ ಕೋಡ್‌ಪಾಯಿಂಟಿನ ಬಗೆ ಹೇಳುವ ಎರಡಕ್ಷರದ ಸಂಕೇತ ಕೊಡುತ್ತದೆ. ಸಂಕೇತ ಎಂ ಅಕ್ಷರದಿಂದ ಶುರುವಾದರೆ ಅದು ಗುಣಿತದ ಚಿಹ್ನೆ, ಸೊನ್ನೆ ಅಥವಾ ಹಲಂತ. ಹಿಂದಿನ ತುಂಡಿಗೇ ಅಂಟಿಸಿ. ಎಲ್‌ನಿಂದ ಶುರುವಾಗಿ (ಅದು ಅಕ್ಷರ), ಹಿಂದಿನ ತುಂಡು ಹಲಂತದಲ್ಲಿ ಮುಗಿದಿದ್ದರೆ ಆಗಲೂ ಅಂಟಿಸಿ. ಸಾಫ್ಟ್‌ವೇರ್ ಎಂಬಲ್ಲಿ ಟ್ ಮತ್ತು ವೇ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ 8204ನೇ ಕೋಡ್‌ಪಾಯಿಂಟನ್ನೂ ಹಿಂದಿನದಕ್ಕೇ ಸೇರಿಸಿ. ಉಳಿದದ್ದೆಲ್ಲ ಹೊಸ ತುಂಡು. ಎಲ್ ಎಂಬ ಷರತ್ತು ಬಿಟ್ಟರೆ ‘ಬಸ್ ನಿಲ್ದಾಣ’ದ ಖಾಲಿ ಜಾಗವೂ ಸಕಾರಕ್ಕೆ ಅಂಟಿಕೊಳ್ಳುತ್ತದೆ. ಎಂ ಬದಲು ಎಂಎನ್ ಎಂದೇ ಕೇಳಿದರೆ ಗುಡಿಸು ಸೇರುತ್ತದೆ, ಕೊಂಬು ಹೊರಗುಳಿಯುತ್ತದೆ, ಯಾಕೆಂದರೆ ಕೊಂಬಿನ ಸಂಕೇತ ಎಂಸಿ. ಪಟ್ಟಿ ಖಾಲಿ ಇರುವಾಗ ಪಟ್ಟಿ[-1] ಮುಟ್ಟಿದರೆ ಇಂಡೆಕ್ಸ್‌ಎರರ್, ಅದನ್ನೂ ಮೊದಲೇ ನೋಡಿಕೊಳ್ಳಿ.

ಈಗ ಕಾರ್ಕಳ ಕಾ, ರ್ಕ, ಳ. ಕುಬೇರನಿಗೇನಿರಬೇಕು 16 ಕೋಡ್‌ಪಾಯಿಂಟ್, ತುಂಡು 9, ಉತ್ತರ ‘ಹೌದು’. ಹೋಲಿಸುವಾಗ ಜಾಯಿನ್ ಮಾಡಬೇಡಿ; ಪಟ್ಟಿ == ಪಟ್ಟಿ[::-1] ಎಂದು ಪಟ್ಟಿಗಳನ್ನೇ ಹೋಲಿಸಿ. ಇನ್ನೊಂದು ಹೊಂಡ: ವಿರಾಮ ಚಿಹ್ನೆಗಳನ್ನು ತೆಗೆಯಲು ಎಲ್ಲರೂ ಹೇಳಿಕೊಡುವ, ಅಕ್ಷರವೋ ಅಂಕಿಯೋ ಎಂದು ಕೇಳುವ ಈಸ್‌ಆಲ್‌ನಮ್. ಅದು ಗುಣಿತದ ಚಿಹ್ನೆಯನ್ನು ಅಕ್ಷರವೆಂದು ಒಪ್ಪುವುದಿಲ್ಲ. ‘ನೀನು’ ಅದರ ಜರಡಿಯಲ್ಲಿ ‘ನನ’ ಆಗಿ ಪಾಸಾಗಿಬಿಡುತ್ತದೆ.

ಪದವನ್ನೇ ತಿರುಗಿಸಿ ಪ್ರಿಂಟ್ ಮಾಡಬೇಕಾದರೆ ಸುರತ್ಕಲ್ ಒಂದು ಕಾಟ ಕೊಡುತ್ತದೆ. ತುಂಡುಗಳು ಸು, ರ, ತ್ಕ, ಲ್. ತಿರುಗಿಸಿ ಜೋಡಿಸಿದರೆ ಕೊನೆಯ ಲ್ ಮುಂದಿನ ತ್ಕದೊಳಗೆ ಹೊಕ್ಕು ‘ಲ್ತ್ಕರಸು’. ಮತ್ತೆ ತಿರುಗಿಸಿದರೆ ಸುರತ್ಕಲ್ ಬರುವುದಿಲ್ಲ, ‘ಸುರಲ್ತ್ಕ’ ಬರುತ್ತದೆ. ಜೋಡಿಸುವ ಮೊದಲು ಹಲಂತದಲ್ಲಿ ಮುಗಿದ ತುಂಡಿಗೆ ಆ 8204 ಸೇರಿಸಿದರೆ ‘ಲ್‌ತ್ಕರಸು’ ನಿಲ್ಲುತ್ತದೆ. ಮರಳಿ ತಿರುಗಿಸಿದಾಗ ಅದು ಪದದ ಬಾಲದಲ್ಲಿ ಉಳಿಯುತ್ತದೆ: ನೋಡಲು ಸುರತ್ಕಲ್ಲೇ, ಲೆನ್ 8ರ ಬದಲು 9, == ಕೇಳಿದರೆ ಫಾಲ್ಸ್. ತುದಿಯ ಖಾಲಿ ಜಾಗ ತೆಗೆಯುವ ಬರೀ ಸ್ಟ್ರಿಪ್‌ಗೆ ಅದು ಜಗ್ಗುವುದಿಲ್ಲ, ಖಾಲಿ ಜಾಗದ ಪಟ್ಟಿಯಲ್ಲಿ 8204 ಇಲ್ಲ. ಆರ್‌ಸ್ಟ್ರಿಪ್ ಒಳಗೆ ಆ ಕೋಡ್‌ಪಾಯಿಂಟನ್ನೇ ಹೆಸರಿಸಿ ತೆಗೆಯಬೇಕು.