ವೀರಗಲ್ಲನ್ನ ಜರ್ನಲ್‌ಗೆ ಹಾಕೋಕೆ ಹೋಗಿ: ಮೂರು ಥ್ರೀಡಿ ವ್ಯೂವರ್ ಟ್ರೈ ಮಾಡಿದ್ದು

ನಮ್ ಲೈಬ್ರರಿಯಿಂದ ಓಜೆಎಸ್‌ನಲ್ಲಿ (ಆನ್‌ಲೈನ್ ಜರ್ನಲ್ ನಡೆಸೋ ಸಾಫ್ಟ್‌ವೇರ್) ಒಂದು ಜರ್ನಲ್ ನಡೆಸ್ತೀವಿ. ಒಬ್ರು ವೀರಗಲ್ಲಿನ ಮೇಲೆ ಲೇಖನ ಕಳ್ಸಿ, ಫೋಟೋ ತೆಗ್ದು ಮಾಡಿದ ಥ್ರೀಡಿ ಮಾಡೆಲ್ಲೂ ಕೊಟ್ಟು, "ಓದೋರು ಕಲ್ಲನ್ನ ತಿರುಗಿಸಿ ನೋಡೋ ಹಂಗಿರ್ಬೇಕು ಸಾರ್" ಅಂದ್ರು. ಥ್ರೀಡಿ ಮಾಡೆಲ್ಲಿನ ಮೈಯೆಲ್ಲ ಪುಟ್ಟ ತ್ರಿಕೋನಗಳಿಂದಲೇ ಆಗಿರೋದು, ಇದ್ರಲ್ಲಿ ಸುಮಾರು 40 ಲಕ್ಷ! ಪಿಡಿಎಫ್ ಒಳಗೇ ಥ್ರೀಡಿ ಕೂರಿಸೋದು ಹಳೇ ದಾರಿ, ಆದ್ರೆ ಬ್ರೌಸರ್‌ನಲ್ಲಿ, ಫೋನಲ್ಲಿ ತಿರುಗೋದೇ ಇಲ್ಲ, ಬಿಟ್ಟೆ.

ಮೊದ್ಲು ಸ್ಕೆಚ್‌ಫ್ಯಾಬ್, ಮಾಡೆಲನ್ನ ಅವ್ರ ಸೈಟಿಗೆ ಹಾಕಿ ನಮ್ ಪುಟದಲ್ಲಿ ತೋರಿಸೋದು, ಅರ್ಧ ಗಂಟೆ ಕೆಲ್ಸ. ಕೆಳಗಿನ ಪಟ್ಟಿಕೇಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗಪೂಜೆ ಅಂತ ಒಂದೊಂದಕ್ಕೂ ನಂಬರ್ ಹಚ್ಚಿ ವಿವರಣೆ ಬರೀಬಹುದು, ನಿಜಕ್ಕೂ ಚೆಂದ. ಆದ್ರೆ ನಾನು ಹಾಕಿದಾಗ ಫ್ರೀ ಅಕೌಂಟಿಗೆ 100 ಎಂಬಿ ಮಿತಿ ಇತ್ತು, ಅದ್ರೊಳಗೆ ತುರುಕೋಕೆ ನಾನು ತ್ರಿಕೋನ ಕಮ್ಮಿ ಮಾಡಿ ಮಾಡೆಲ್ ಸವೆಸಿದ್ದಕ್ಕೆ ಕಲ್ಲಿನ ಮೇಲಿನ ಶಾಸನದ ಅಕ್ಷರಗಳೇ ಸವೆದುಹೋದ್ವು. ಅಲ್ದೆ 2021ರಲ್ಲಿ ಅದನ್ನ ಎಪಿಕ್ ಗೇಮ್ಸ್ ಕೊಂಡ್ಕೊಂಡಿದೆ. ಲೇಖನಕ್ಕೆ ಡಿಒಐ (ಬದಲಾಗದ ಗುರುತಿನ ನಂಬರ್) ಕೊಟ್ಟು ಶಾಶ್ವತ ಅಂತ ಹೇಳೋ ನಾವು ಅರ್ಧ ಲೇಖನಾನ ಬೇರೆಯವ್ರ ಜಗಲಿ ಮೇಲೆ ಇಡೋದು ನಂಗೆ ಸರಿ ಅನ್ಸಲ್ಲ.

ಗೂಗಲ್‌ನ ಮಾಡೆಲ್-ವ್ಯೂವರ್ ಅಂದ್ರೆ ವೆಬ್ ಪುಟದ ಕೋಡಿಗೆ ಸೇರಿಸೋ ಒಂದೇ ಟ್ಯಾಗು, ಮಾಡೆಲ್ಲಿನ ಜಿಎಲ್‌ಬಿ ಫೈಲ್ ನಮ್ ಸರ್ವರಲ್ಲೇ. ಚಿಕ್ಕ ಮಡಕೆ ಗಿಡಕೆಗೆ ಇದೇ ಸಾಕು. ಆದ್ರೆ ಫೈಲ್ ಪೂರ್ತಿ ಇಳಿಯೋ ತನಕ ಕಲ್ಲು ಕಾಣಲ್ಲ, ನನ್ ಫೋನ್ ಬಿಸಿಯಾಗಿ ಕೂತ್ಬಿಡ್ತು. ಫೈಲನ್ನ ಡ್ರಾಕೋದಲ್ಲಿ (ಥ್ರೀಡಿ ಫೈಲ್ ಕುಗ್ಗಿಸೋ ಗೂಗಲ್‌ದೇ ವಿಧಾನ) ಕುಗ್ಗಿಸಿದ್ರೆ ಅದನ್ನ ಬಿಚ್ಚೋ ಕೋಡನ್ನ ಗೂಗಲ್ ಸರ್ವರಿಂದಾನೇ ತರ್ಸುತ್ತೆ, ನಾವೇ ಬದಲಾಯಿಸದಿದ್ರೆ. ಎಲ್ಲಾ ನಮ್ದೇ ಅಂದ್ಕೊಂಡಿದ್ದೆ ಪಾಪ.

ಕೊನೆಗೆ ಥ್ರೀಡಿಹಾಪ್ (3DHOP), ಇಟಲಿಯ ಪೀಸಾದ ಸಂಶೋಧನಾ ಲ್ಯಾಬಿಂದು, ಓಪನ್ ಸೋರ್ಸ್. ಬಟನ್‌ಗಳೆಲ್ಲ ಹತ್ತು ವರ್ಷ ಹಳೇ ಥರ ಕಾಣ್ತವೆ, ಹಾಕೋಕೂ ಸ್ವಲ್ಪ ಒದ್ದಾಟ. ನಾನಂತೂ ಎಚ್‌ಟಿಎಂಎಲ್ ಫೈಲನ್ನ ಡಬಲ್ ಕ್ಲಿಕ್ ಮಾಡಿ, ಏನೂ ಬರ್ಲಿಲ್ಲ ಅಂತ ಒಂದು ಮಧ್ಯಾಹ್ನ ತಲೆ ಚಚ್ಕೊಂಡೆ, ಆಮೇಲೆ ಗೊತ್ತಾಯ್ತು ಅದು ವೆಬ್ ಸರ್ವರ್ ಮೂಲಕಾನೇ ತೆರೀಬೇಕು ಅಂತ. ಆದ್ರೆ ಮಾಡೆಲನ್ನ ಅದ್ರ ನೆಕ್ಸಸ್ ಅನ್ನೋ ಫಾರ್ಮ್ಯಾಟಿಗೆ ಬದಲಾಯಿಸಿದ್ರೆ ಮೊದ್ಲು ಮಬ್ಬಾಗಿ ಬಂದು, ನೋಡ್ತಿರೋ ಜಾಗ ಮಾತ್ರ ಹಂತಹಂತವಾಗಿ ಸ್ಪಷ್ಟ ಆಗುತ್ತೆ, 40 ಲಕ್ಷ ತ್ರಿಕೋನದಲ್ಲಿ ಒಂದೂ ಬಿಡದೆ. ಅಳತೆ ಹಿಡಿಯೋ ಟೂಲೂ ಇದೆ.

ನಂಗೆ ತೀರ್ಮಾನ ಮಾಡ್ಸಿದ್ದು ಬೆಳಕು. ಶಾಸನ ಓದೋರು ಸಂಜೆ ಓರೆ ಬಿಸಿಲಿಗೆ ಕಾಯ್ತಾರಲ್ಲ, ಇಲ್ಲಿ ಮೌಸ್ ಎಳೆದ್ರೆ ಅದೇ ಬಿಸಿಲು. ಸ್ಕೆಚ್‌ಫ್ಯಾಬಲ್ಲೂ ಆಲ್ಟ್ ಒತ್ತಿ ಎಳೆದ್ರೆ ಬೆಳಕು ತಿರುಗುತ್ತೆ, ಹೇಳ್ಕೊಡದೆ ಯಾರಿಗೂ ಗೊತ್ತಾಗಲ್ಲ ಅಷ್ಟೆ. ಲೇಖನ ಬರ್ದೋರಿಗೆ ಲಿಂಕ್ ಕಳಿಸ್ದೆ, ಬೆಳಕನ್ನ ಎಡದಿಂದ ತಂದು ನೋಡಿ, "ಎರಡನೇ ಸಾಲು ತಪ್ಪು ಓದಿದೀನಿ, ಪ್ರೂಫ್ ನಿಲ್ಸಿ" ಅಂತ ರಾತ್ರಿ ಹತ್ತಕ್ಕೆ ಫೋನು.